ಇಬ್ಬರ ಹೆಸರಿನ ಒಂದು ಆಲ್ಬಮ್: ರಾಕ್ ಗಾಯಕ ಮತ್ತು ಪ್ರೊಡ್ಯೂಸರ್ ಸಹಯೋಗದ ಒಂದು ಪ್ರಕರಣ

ಈ ಪ್ರಕರಣ ಬೆಂಗಳೂರಿನದು. ಕನ್ನಡದಲ್ಲಿ ರಾಕ್ ಹಾಡುವ ಒಬ್ಬ ಗಾಯಕರೂ ಅವರಿಗಿಂತ ಹತ್ತು-ಹನ್ನೆರಡು ವರ್ಷ ಚಿಕ್ಕವರಾದ ಒಬ್ಬ ಪ್ರೊಡ್ಯೂಸರೂ (ಹಾಡಿನ ಸದ್ದನ್ನು ಸ್ಟುಡಿಯೋದಲ್ಲಿ ಕಟ್ಟುವವರು) ಕೂಡಿ ಆಲ್ಬಮ್ ಮಾಡಲು ಹೊರಟರು. ಹತ್ತು ಹಾಡುಗಳ ಯೋಚನೆಯಿಂದ ಶುರುವಾದ ಕೆಲಸ ಏಳು ಹಾಡುಗಳಲ್ಲಿ ಮುಗಿಯಿತು. ನಡುವೆ ಕೆಲವು ತಿಂಗಳು ಅದು ಪೂರ್ತಿ ನಿಂತುಹೋಗಿತ್ತು. ಇಬ್ಬರಿಗೂ ಹೆಸರನ್ನೂ ಹಣವನ್ನೂ ತರಬಹುದಾಗಿದ್ದ ಒಂದು ಅವಕಾಶ ಅದೇ ಅವಧಿಯಲ್ಲಿ ಕೈತಪ್ಪಿತು. ಸ್ವತಂತ್ರ ಸಂಗೀತಗಾರರ ಒಪ್ಪಂದ ಮತ್ತು ಬಿಡುಗಡೆಯ ಕೆಲಸ ನೋಡಿಕೊಳ್ಳುವ ನನ್ನನ್ನು ಅವರು ಕರೆದದ್ದು ಆ ಅವಕಾಶ ಹೋದ ಮೇಲೆ. ಇಬ್ಬರ ಒಪ್ಪಿಗೆಯನ್ನೂ ಪಡೆದು ಇದನ್ನು ಬರೆಯುತ್ತಿದ್ದೇನೆ. ಹೆಸರು, ಹಾಡುಗಳ ಶೀರ್ಷಿಕೆ, ಬಿಡುಗಡೆಯ ವರ್ಷಗಳನ್ನು ಕೈಬಿಟ್ಟಿದ್ದೇನೆ. ಗುರುತು ಹಿಡಿಯಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಿರ್ಧಾರಗಳ ಕ್ರಮವನ್ನು ಮಾತ್ರ ಇದ್ದಹಾಗೆಯೇ ಇಟ್ಟಿದ್ದೇನೆ, ಏಕೆಂದರೆ ಇಂಥ ಕೆಲಸಕ್ಕೆ ಇಳಿಯುವವರಿಗೆ ಉಪಯೋಗವಾಗುವುದು ಆ ಕ್ರಮವೇ.

ಹಿನ್ನೆಲೆ

ಗಾಯಕರಿಗೆ ಆಗ ನಲವತ್ತರ ಆಸುಪಾಸು. ಹಗಲು ಕಚೇರಿಯ ಕೆಲಸ, ಸಂಜೆ ಮತ್ತು ವಾರಾಂತ್ಯದಲ್ಲಿ ಸಂಗೀತ. ಬೆಂಗಳೂರಿನ ಎಷ್ಟೋ ರಾಕ್ ಸಂಗೀತಗಾರರ ಬದುಕು ಹೀಗೇ ಇದೆ. ಅವರು ನಾಲ್ವರ ಬ್ಯಾಂಡೊಂದನ್ನು ಹಲವು ವರ್ಷ ನಡೆಸಿದ್ದರು. 2008ರಲ್ಲಿ ರಘು ದೀಕ್ಷಿತ್ ಅವರ ಮೊದಲ ಆಲ್ಬಮ್ ಬಂದ ನಂತರದ ದಿನಗಳಲ್ಲಿ ಕನ್ನಡದ ಸಾಲುಗಳನ್ನು ಗಿಟಾರ್ ಮತ್ತು ಡ್ರಮ್ಸ್ ಜೊತೆ ಕೇಳಬಯಸುವ ಯುವ ಕೇಳುಗರು ಹೆಚ್ಚಿದರು. ಈ ಬ್ಯಾಂಡ್ ಬೆಳೆದದ್ದು ಅಂಥವರ ನಡುವೆ. ಮುಂದೆ ಬೇಸ್ ನುಡಿಸುವವರೂ ಡ್ರಮ್ಸ್ ನುಡಿಸುವವರೂ ಉದ್ಯೋಗಕ್ಕಾಗಿ ವಿದೇಶಕ್ಕೆ ಹೋದರು, ಬ್ಯಾಂಡ್ ತಾನಾಗಿ ನಿಂತಿತು. ಗಾಯಕರ ಬಳಿ ಹಾಡುಗಳು ಉಳಿದವು, ನುಡಿಸುವ ಜೊತೆಗಾರರು ಉಳಿಯಲಿಲ್ಲ.

ಅವರ ಹಾಡು ಹುಟ್ಟುವ ಬಗೆಯನ್ನು ಇಲ್ಲೇ ಹೇಳಬೇಕು, ಮುಂದಿನ ತೊಡಕಿನ ಅರ್ಧಭಾಗ ಅದರಲ್ಲೇ ಇದೆ. ಕೈಯಲ್ಲಿ ಗಿಟಾರ್ ಹಿಡಿದು ನಿಂತು ಒಂದೆರಡು ಸಾಲು ಗುನುಗುತ್ತಿದ್ದರು, ಡ್ರಮ್ಸ್‌ನವರು ಅದಕ್ಕೆ ನಡಿಗೆ ಕೊಡುತ್ತಿದ್ದರು, ಎರಡು-ಮೂರು ವಾರ ಎಲ್ಲರೂ ಸೇರಿ ನುಡಿಸಿ ತಿದ್ದಿದ ಮೇಲೆ ಹಾಡು ನಿಲ್ಲುತ್ತಿತ್ತು. ಯಾವ ಹಾಡೂ ಮೊದಲಿನಿಂದ ಕೊನೆಯವರೆಗೆ ಒಂದೇ ವೇಗದಲ್ಲಿ ಇರುತ್ತಿರಲಿಲ್ಲ. ಚರಣದಲ್ಲಿ ಸ್ವಲ್ಪ ಹಿಂದೆ ಸರಿದು, ಪಲ್ಲವಿಗೆ ಬರುವಾಗ ಮುಂದಕ್ಕೆ ನುಗ್ಗುತ್ತಿತ್ತು.

ಪ್ರೊಡ್ಯೂಸರ್ ಜಾಹೀರಾತಿನ ಜಿಂಗಲ್‌ಗಳಿಗೂ ಕಿರುಚಿತ್ರಗಳ ಹಿನ್ನೆಲೆ ಸಂಗೀತಕ್ಕೂ ಕೆಲಸ ಮಾಡುವವರು. ಫ್ಲ್ಯಾಟಿನ ಒಂದು ಕೋಣೆಯೇ ಸ್ಟುಡಿಯೋ. ಬೆಳಿಗ್ಗೆ ಬಂದ ಬೇಡಿಕೆಗೆ ಸಂಜೆಯೊಳಗೆ ಮೂವತ್ತು ಸೆಕೆಂಡಿನ ಸಂಗೀತ ಕಳಿಸಬೇಕಾದ ಆ ಕೆಲಸದಲ್ಲಿ ವೇಗವನ್ನು ಮೊದಲೇ ನಿಗದಿ ಮಾಡಿ, ಕಂಪ್ಯೂಟರಿನ ಗ್ರಿಡ್ ಮೇಲೆ, ಅಂದರೆ ಬಡಿತಗಳನ್ನು ಸಮ ಅಂತರದಲ್ಲಿ ಗುರುತಿಸಿದ ಗೆರೆಗಳ ಮೇಲೆ, ಒಂದೊಂದೇ ಪದರವನ್ನು ಕೂರಿಸುತ್ತ ಹೋಗುವುದು ಸಹಜ ಪದ್ಧತಿ. ಅವರ ಮನೆಮಾತು ಕನ್ನಡವಲ್ಲ. ಬೆಂಗಳೂರಿನಲ್ಲೇ ಬೆಳೆದದ್ದರಿಂದ ಸಲೀಸಾಗಿ ಮಾತಾಡುತ್ತಾರೆ, ಓದುವುದು ಕಡಿಮೆ.

ಒಂದು ಜಿಂಗಲ್‌ಗೆ ಗಾಯಕರು ದನಿ ಕೊಡಲು ಹೋದಾಗ ಪರಿಚಯವಾಯಿತು. ಕೆಲಸ ಮುಗಿದ ಮೇಲೆ ಗಾಯಕರು ತಮ್ಮ ಹಳೆಯ ಹಾಡೊಂದನ್ನು ಗಿಟಾರ್ ಹಿಡಿದು ಹಾಡಿದರು, ಪ್ರೊಡ್ಯೂಸರ್ ಅದನ್ನು ಫೋನಿನಲ್ಲೇ ಧ್ವನಿಮುದ್ರಿಸಿಕೊಂಡರು, ಮರುದಿನ ಬೆಳಿಗ್ಗೆ ಅದಕ್ಕೆ ಸಿಂಥ್ (ಎಲೆಕ್ಟ್ರಾನಿಕ್ ವಾದ್ಯದ ಸದ್ದು), ಡ್ರಮ್ ಮಷಿನ್, ತಂಬೂರಿಯಂಥ ಒಂದು ಮೊರೆತವನ್ನೆಲ್ಲ ಸೇರಿಸಿ ಕಳಿಸಿದರು. ನಾನು ಆ ಮೊದಲ ಕಡತವನ್ನು ಕೇಳಿದ್ದೇನೆ. ಇಬ್ಬರಲ್ಲಿ ಯಾರೊಬ್ಬರೂ ಒಂಟಿಯಾಗಿ ಅದನ್ನು ಮಾಡಲು ಆಗುತ್ತಿರಲಿಲ್ಲ ಎಂಬುದು ಮೊದಲ ಅರ್ಧ ನಿಮಿಷದಲ್ಲೇ ಗೊತ್ತಾಗುತ್ತದೆ. ಒರಟು ದನಿಯ ಹಿಂದೆ ಅಷ್ಟು ತಣ್ಣನೆಯ ಸದ್ದುಗಳು ಇರುವುದನ್ನು ಕನ್ನಡದಲ್ಲಿ ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಅದೇ ವಾರ ಆಲ್ಬಮ್ ಮಾಡೋಣವೆಂದು ಇಬ್ಬರೂ ತೀರ್ಮಾನಿಸಿದರು. ಹಣದ ಮಾತು ಬಂದಾಗ ಗಾಯಕರು "ಬಂದದ್ದರಲ್ಲಿ ಇಬ್ಬರಿಗೂ ಅರ್ಧ-ಅರ್ಧ, ಅದಕ್ಕೇನು" ಎಂದರಂತೆ, ಪ್ರೊಡ್ಯೂಸರ್ "ಆಗಲಿ ಸರ್" ಎಂದರಂತೆ. ಕಾಗದದ ಮೇಲೆ ಏನೂ ಆಗಲಿಲ್ಲ.

ಸಮಸ್ಯೆ ಬೆಳೆದ ಬಗೆ

ಮೊದಲ ತೊಡಕು ಸಂಗೀತದ್ದೇ. ಎರಡನೆಯ ಹಾಡಿಗೆ ಪ್ರೊಡ್ಯೂಸರ್ ಮೊದಲು ಟ್ರ್ಯಾಕ್, ಅಂದರೆ ಹಾಡಿನ ಹಿಂದಿನ ವಾದ್ಯಗಳ ಸದ್ದನ್ನು, ಕಟ್ಟಿ ಕಳಿಸಿದರು, ಗಾಯಕರು ಅದರ ಮೇಲೆ ಹಾಡಿದರು. ನಿಗದಿತ ವೇಗದಲ್ಲಿ ಬಡಿಯುವ ಕ್ಲಿಕ್ ಸದ್ದನ್ನು ಕೇಳುತ್ತ ಹಾಡಿದಾಗ ಅವರ ದನಿ ಬಿಗಿಯಿತು. ನಂತರ ಪ್ರೊಡ್ಯೂಸರ್ ಆ ದನಿಯನ್ನು ಗ್ರಿಡ್‌ಗೆ ಸರಿಯಾಗಿ ಎಳೆದು ಕೂರಿಸಿದಾಗ ಸಾಲುಗಳೇ ಕೆಟ್ಟವು. ಕನ್ನಡದಲ್ಲಿ ಲಘು-ಗುರುಗಳ ಅಳತೆ ಅರ್ಥಕ್ಕೆ ಅಂಟಿಕೊಂಡಿದೆ. "ನಡು" ಎಂಬಲ್ಲಿ ಮೊದಲಕ್ಷರವನ್ನು ಎರಡು ಮಾತ್ರೆಗೆ ಎಳೆದರೆ ಕಿವಿಗೆ ಬೀಳುವುದು "ನಾಡು". ಒತ್ತಕ್ಷರ ಬಂದ ಕಡೆ ನಾಲಿಗೆ ಒಂದು ಕ್ಷಣ ನಿಲ್ಲಲೇಬೇಕು, ಆ ನಿಲುಗಡೆಯನ್ನು ಕತ್ತರಿಸಿ ತೆಗೆದರೆ ಪದ ಸಡಿಲವಾಗುತ್ತದೆ. ಇದರ ಜೊತೆಗೆ ಪ್ರೊಡ್ಯೂಸರ್ ಅಭ್ಯಾಸಬಲದಿಂದ ಶ್ರುತಿ ತಿದ್ದುವ ಸಾಫ್ಟ್‌ವೇರನ್ನು ಇಡೀ ದನಿಯ ಮೇಲೆ ಹಾಯಿಸಿದ್ದರು. ಗಾಯಕರದು ಸ್ವರವನ್ನು ಕೆಳಗಿನಿಂದ ಜಾರಿಕೊಂಡು ಬಂದು ಹಿಡಿಯುವ ಶೈಲಿ. ಸಾಫ್ಟ್‌ವೇರ್ ಆ ಜಾರಿಕೆಯನ್ನು ತಪ್ಪೆಂದು ಎಣಿಸಿ ಹತ್ತಿರದ ಸ್ವರಕ್ಕೆ ಎಳೆದಿತ್ತು. ತಮ್ಮ ದನಿ ಇನ್ನಾರದೋ ಆಗಿದೆ ಎಂದು ಗಾಯಕರಿಗೆ ಅನ್ನಿಸಿತು, ಆದರೆ ಹೇಳಲಿಲ್ಲ. ಚಿಕ್ಕವರು, ಇಷ್ಟೊಂದು ಶ್ರಮ ಹಾಕಿದ್ದಾರೆ, ಬೇಸರವಾದೀತು ಎಂದು ಸುಮ್ಮನಾದರು.

ಮೂರನೆಯ ಹಾಡು ಇನ್ನೂ ಜಟಿಲ. ಗಾಯಕರು ಕೊಟ್ಟ ಪಲ್ಲವಿಯ ಟ್ಯೂನ್ ಟ್ರ್ಯಾಕಿನ ಜೊತೆ ಹೊಂದುತ್ತಿಲ್ಲವೆಂದು ಪ್ರೊಡ್ಯೂಸರ್ ಅದೇ ಸಾಹಿತ್ಯಕ್ಕೆ ಹೊಸ ಟ್ಯೂನ್ ಹಾಕಿ, ತಾವೇ ಗುನುಗಿ ಕಳಿಸಿದರು. ಹೊಸ ಟ್ಯೂನ್ ಉತ್ತಮವಾಗಿತ್ತು. ಗಾಯಕರು ಅದನ್ನು ಸಂತೋಷದಿಂದಲೇ ಹಾಡಿದರು, ಹಾಡುತ್ತ ಎರಡು ಕಡೆ ತಾವೂ ತಿರುವು ಸೇರಿಸಿದರು. ಹೀಗೆ ಸಾಹಿತ್ಯ ಒಬ್ಬರದು, ಪಲ್ಲವಿಯ ಟ್ಯೂನ್ ಬಹುಪಾಲು ಇನ್ನೊಬ್ಬರದು, ಚರಣ ಮೊದಲಿನವರದು, ಹಾಡಿನ ಗುರುತೇ ಆಗಿಬಿಟ್ಟ ಆರಂಭದ ಸಿಂಥ್ ತುಣುಕು ಪ್ರೊಡ್ಯೂಸರ್‌ದು. ಕೆಲಸ ಖುಷಿಯಿಂದ ಸಾಗುತ್ತಿದ್ದುದರಿಂದ ಯಾವ ಭಾಗ ಯಾರದೆಂದು ಇಬ್ಬರೂ ಗುರುತು ಹಾಕಿಕೊಳ್ಳಲಿಲ್ಲ.

ನಮ್ಮ ಭಾವಗೀತೆಯ ಪರಂಪರೆಯಲ್ಲಿ ಈ ಪ್ರಶ್ನೆ ಇಷ್ಟು ತೀವ್ರವಾಗಿ ಏಳುವುದು ಕಡಿಮೆ. 1978ರ "ನಿತ್ಯೋತ್ಸವ" ಕ್ಯಾಸೆಟ್ ತೆಗೆದುಕೊಂಡರೆ ನಿಸಾರ್ ಅಹಮದ್ ಅವರ ಕವಿತೆಗಳು ಪುಸ್ತಕದಲ್ಲಿ ಮೊದಲೇ ಇದ್ದವು, ಮೈಸೂರು ಅನಂತಸ್ವಾಮಿ ಅವರು ಅವಕ್ಕೆ ರಾಗಸಂಯೋಜನೆ ಮಾಡಿದರು. ಯಾರ ಕೆಲಸ ಎಲ್ಲಿ ಮುಗಿಯಿತು, ಯಾರದು ಎಲ್ಲಿ ಶುರುವಾಯಿತು ಎಂಬುದು ಸ್ಪಷ್ಟ. ವೇದಿಕೆಯ ಮೇಲೆ ಕವಿಯ ಹೆಸರನ್ನೂ ಸಂಯೋಜಕರ ಹೆಸರನ್ನೂ ಹೇಳಿ ಹಾಡುವ ಒಳ್ಳೆಯ ರೂಢಿ ಅದರಿಂದಲೇ ಬೆಳೆದಿದೆ. ಗಾಯಕ ಮತ್ತು ಪ್ರೊಡ್ಯೂಸರ್ ಒಂದೇ ಕೋಣೆಯಲ್ಲಿ ಕೂತು ಮಾಡುವ ಹಾಡಿನಲ್ಲಿ ಮಾತು, ಟ್ಯೂನ್, ಸದ್ದು ಮೂರೂ ಒಂದೇ ರಾತ್ರಿ ಒಂದರೊಳಗೊಂದು ಹುಟ್ಟುತ್ತವೆ. ಆ ರಾತ್ರಿಯೇ ಬರೆದಿಡದಿದ್ದರೆ ಆರು ತಿಂಗಳ ನಂತರ ಇಬ್ಬರ ನೆನಪೂ ಪ್ರಾಮಾಣಿಕವಾಗಿಯೇ ಬೇರೆಬೇರೆಯಾಗಿರುತ್ತದೆ.

ಐದು ಹಾಡು ಮುಗಿಯುವ ಹೊತ್ತಿಗೆ ಮೂರನೆಯ ಹಾಡೊಂದನ್ನೇ ಇಬ್ಬರೂ ಬಿಡಿಯಾಗಿ ಬಿಡುಗಡೆ ಮಾಡಿದರು. ಅಪ್‌ಲೋಡ್ ಮಾಡಿದವರು ಪ್ರೊಡ್ಯೂಸರ್. ಅರ್ಜಿಯ ಅಂಕಣಗಳಲ್ಲಿ ಕಲಾವಿದರೆಂದು ಗಾಯಕರ ಹೆಸರನ್ನು, ಸಾಹಿತ್ಯಕ್ಕೂ ಅವರ ಹೆಸರನ್ನೇ, ಸಂಗೀತ ಸಂಯೋಜನೆಗೆ ಕೇವಲ ತಮ್ಮ ಹೆಸರನ್ನು ತುಂಬಿದರು. ಅವರ ಜಿಂಗಲ್ ಕೆಲಸದಲ್ಲಿ ಟ್ರ್ಯಾಕ್ ಕಟ್ಟಿದವರೇ ಸಂಗೀತ ಸಂಯೋಜಕರು, ಹಾಡುವವರು ಬಂದು ಹಾಡಿ ಹೋಗುತ್ತಾರೆ. ಹಾಗಾಗಿ ಇದರಲ್ಲಿ ಅವರಿಗೆ ವಿಶೇಷವೇನೂ ಕಾಣಲಿಲ್ಲ. ಬ್ಯಾಂಡಿನಿಂದ ಬಂದ ಗಾಯಕರಿಗೆ ಟ್ಯೂನ್ ಹುಟ್ಟಿಸಿದವನೇ ಹಾಡಿನ ಒಡೆಯ, ಸುತ್ತಲಿನ ಸದ್ದು ಏನಿದ್ದರೂ ವಾದ್ಯಸಂಯೋಜನೆ. ತಮ್ಮ ಹೆಸರು ಇಲ್ಲದ್ದನ್ನು ಅವರು ಕಂಡದ್ದು ಗೆಳೆಯರೊಬ್ಬರು ತೋರಿಸಿದಾಗ.

ಆಗಲೂ ಕೂತು ಮಾತಾಡಿದ್ದರೆ ಒಂದು ಸಂಜೆಯಲ್ಲಿ ಮುಗಿಯುತ್ತಿತ್ತು ಎಂದೇ ನನ್ನ ನಂಬಿಕೆ. ಬದಲಿಗೆ ಗಾಯಕರು ಒಂದು ಉದ್ದನೆಯ ಇಮೇಲ್ ಬರೆದರು. ಅದುವರೆಗೆ ಸಲಿಗೆಯಿಂದ "ನೀನು" ಎನ್ನುತ್ತಿದ್ದವರು ಆ ಪತ್ರದಲ್ಲಿ "ತಾವು" ಎಂದಿದ್ದರು. ಪ್ರೊಡ್ಯೂಸರ್‌ಗೆ ಹಕ್ಕಿನ ಪ್ರಶ್ನೆಗಿಂತ ಆ ದೂರವೇ ಹೆಚ್ಚು ನೋವು ಕೊಟ್ಟಿತೆಂದು ಮುಂದೆ ನನ್ನೊಡನೆ ಹೇಳಿದರು. ಉತ್ತರವಾಗಿ ಅವರು ತಾವು ಹಾಕಿದ ಗಂಟೆಗಳ ಲೆಕ್ಕ ಕಳಿಸಿದರು. ಗಾಯಕರು ತಾವು ಕೈಯಿಂದ ಕೊಟ್ಟ ಖರ್ಚಿನ ಲೆಕ್ಕ ಕಳಿಸಿದರು: ಗಿಟಾರ್ ನುಡಿಸಿದವರಿಗೆ, ಒಂದು ಹಾಡಿನ ಪಿಟೀಲಿಗೆ, ಡ್ರಮ್ಸ್ ಧ್ವನಿಮುದ್ರಣಕ್ಕೆ ಬಾಡಿಗೆ ಹಿಡಿದ ಸ್ಟುಡಿಯೋಗೆ. ಗಂಟೆಗೂ ರೂಪಾಯಿಗೂ ಸಾಟಿ ಹೂಡುವ ಆ ಪತ್ರವ್ಯವಹಾರದಲ್ಲಿ ಕೆಲಸ ನಿಂತಿತು.

ಅದೇ ಸಮಯದಲ್ಲಿ ಒಂದು ವೆಬ್ ಸರಣಿಯ ತಂಡ ಮೂರನೆಯ ಹಾಡನ್ನು ತಮ್ಮ ಒಂದು ದೃಶ್ಯಕ್ಕೆ ಬಳಸಲು ಕೇಳಿತು. ಅವರಿಗೆ ಬೇಕಿದ್ದದ್ದು ಎರಡು ಸಹಿ: ಸಾಹಿತ್ಯ ಮತ್ತು ಸಂಯೋಜನೆಯ ಹಕ್ಕುಳ್ಳವರದು ಒಂದು, ಧ್ವನಿಮುದ್ರಣದ ಹಕ್ಕುಳ್ಳವರದು ಇನ್ನೊಂದು. ಇಬ್ಬರೂ ತಾವೇ ಸಹಿ ಮಾಡಬೇಕಾದವರು ಎಂದು ಬೇರೆಬೇರೆಯಾಗಿ ಉತ್ತರಿಸಿದರು. ವಿವಾದದ ವಾಸನೆ ಬಂದ ಹಾಡನ್ನು ಯಾವ ತಂಡವೂ ಮುಟ್ಟುವುದಿಲ್ಲ. ಸಂಕಲನದ ಗಡುವು ಬಂದಾಗ ಅವರು ಬೇರೆ ಹಾಡು ಹಾಕಿಕೊಂಡರು.

ಕಾನೂನು ಏನು ಹೇಳುತ್ತದೆ, ಎಲ್ಲಿ ಸುಮ್ಮನಾಗುತ್ತದೆ

ಇಬ್ಬರೂ ನನ್ನ ಬಳಿ ಬಂದಾಗ ಕೇಳಿದ ಮೊದಲ ಪ್ರಶ್ನೆ "ಕಾನೂನಿನ ಪ್ರಕಾರ ಹಾಡು ಯಾರದು" ಎಂಬುದು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಇದಕ್ಕೆ ಒಂದೇ ಉತ್ತರವಿಲ್ಲ, ಏಕೆಂದರೆ ಅದರ ಕಣ್ಣಿಗೆ ಹಾಡು ಒಂದು ವಸ್ತುವಲ್ಲ. ಸಾಹಿತ್ಯ ಒಂದು ಕೃತಿ, ಸಂಗೀತ ಇನ್ನೊಂದು ಕೃತಿ, ಅದರ ವ್ಯಾಖ್ಯೆ ಹಾಡುವ ಪದಗಳನ್ನು ಸ್ಪಷ್ಟವಾಗಿ ಹೊರಗಿಡುತ್ತದೆ, ಧ್ವನಿಮುದ್ರಣ ಮೂರನೆಯದು. ಇವುಗಳ ಮೇಲೆ ಹಾಡಿದವರಿಗೆ ಪ್ರದರ್ಶಕರ ಹಕ್ಕು ಬೇರೆಯೇ ಇದೆ. ಸಂಗೀತ ಕೃತಿಯ ಕರ್ತೃ ಅದನ್ನು ಸಂಯೋಜಿಸಿದವರು, ಸ್ವರಲಿಪಿಯಲ್ಲಿ ಬರೆದಿರಲಿ ಬಿಡಲಿ. ಧ್ವನಿಮುದ್ರಣದ ಕರ್ತೃ ಅದರ ಪ್ರೊಡ್ಯೂಸರ್. ಆದರೆ ಕಾಯ್ದೆಯ ಪ್ರೊಡ್ಯೂಸರ್ ಎಂದರೆ ಆ ಮುದ್ರಣವನ್ನು ಮಾಡುವ ಮುಂದಾಳತ್ವವನ್ನೂ ಹೊಣೆಯನ್ನೂ ಹೊತ್ತವರು, ಸ್ಟುಡಿಯೋದಲ್ಲಿ ಕೂತು ಸದ್ದು ಕಟ್ಟಿದವರೇ ಆಗಬೇಕೆಂದಿಲ್ಲ. ಇಲ್ಲಿ ಖರ್ಚು ಕೊಟ್ಟು ವಾದಕರನ್ನು ಕರೆಸಿದವರು ಗಾಯಕರು, ಕೆಲಸವನ್ನು ದಿನದಿನವೂ ನಡೆಸಿದವರು ಪ್ರೊಡ್ಯೂಸರ್. ಹೊಣೆ ಯಾರದೆಂದು ಕೇಳಿದರೆ ಇಬ್ಬರದೂ ಎಂದೇ ಹೇಳಬೇಕಾಗುತ್ತದೆ.

ಸಂಯೋಜನೆಯ ವಿಚಾರಕ್ಕೆ ಬಂದರೆ, ಇಬ್ಬರ ಕೊಡುಗೆಯನ್ನು ಒಂದರಿಂದ ಇನ್ನೊಂದು ಬೇರ್ಪಡಿಸಲು ಬಾರದಂತಿದ್ದಾಗ ಕಾಯ್ದೆ ಅದನ್ನು ಜಂಟಿ ಕರ್ತೃತ್ವದ ಕೃತಿ ಎನ್ನುತ್ತದೆ. ಮೂರನೆಯ ಹಾಡಿನ ಪಲ್ಲವಿ ಈ ವರ್ಣನೆಗೆ ಹತ್ತಿರದಲ್ಲಿತ್ತು. ಆದರೆ ಯಾರಿಗೆ ಎಷ್ಟು ಪಾಲು ಎಂಬುದನ್ನು ಕಾಯ್ದೆ ಹೇಳಿಕೊಡುವುದಿಲ್ಲ, ಅದನ್ನು ಮಾಡಿದವರೇ ಹೇಳಬೇಕು. ಹಕ್ಕು ವರ್ಗಾಯಿಸುವುದಿದ್ದರೆ ಬರಹದಲ್ಲಿ, ಸಹಿಯೊಂದಿಗೆ ಆಗಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತದ ಮಟ್ಟಿಗೆ ಎಂದೂ ಕಾಯ್ದೆ ಎಣಿಸುತ್ತದೆ. "ಅರ್ಧ-ಅರ್ಧ" ಎಂದು ಬಾಯಲ್ಲಿ ಆಡಿದ ಮಾತು ಈ ಯಾವ ಪ್ರಶ್ನೆಗೂ ಉತ್ತರವಾಗಿರಲಿಲ್ಲ. ಯಾವುದರ ಅರ್ಧ? ಸಾಹಿತ್ಯದ್ದೇ, ಸಂಗೀತದ್ದೇ, ಧ್ವನಿಮುದ್ರಣದ್ದೇ, ವೇದಿಕೆಯ ಸಂಭಾವನೆಯದೇ? ಇಬ್ಬರನ್ನೂ ಬೇರೆಬೇರೆಯಾಗಿ ಕೇಳಿದಾಗ ಉತ್ತರಗಳು ಬೇರೆಬೇರೆಯಾಗಿಯೇ ಬಂದವು, ಇಬ್ಬರ ಮಾತಿನಲ್ಲೂ ಕಪಟ ಇರಲಿಲ್ಲ.

2012ರ ತಿದ್ದುಪಡಿಯನ್ನೂ ಅವರಿಗೆ ವಿವರಿಸಿದೆ. ಸಾಹಿತ್ಯ ಮತ್ತು ಸಂಗೀತದ ಕರ್ತೃಗಳು ಹಕ್ಕನ್ನು ಬೇರೊಬ್ಬರಿಗೆ ವರ್ಗಾಯಿಸಿದರೂ, ಅವರೊಂದಿಗೆ ಸಮನಾಗಿ ಹಂಚಿಕೊಳ್ಳಬೇಕಾದ ರಾಯಧನವನ್ನು (ರಾಯಲ್ಟಿ) ಬಿಟ್ಟುಕೊಡಲು ಬಾರದು. ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯ ಸಂಘಕ್ಕೆ ಮಾತ್ರ ಅದನ್ನು ವಹಿಸಬಹುದು. ಆ ಕಾರಣಕ್ಕೆ ಸಂಯೋಜಕರ ಅಂಕಣದಲ್ಲಿ ಯಾರ ಹೆಸರಿದೆ ಎಂಬುದು ಬರೀ ಗೌರವದ ಮಾತಾಗಿರಲಿಲ್ಲ. ಸ್ಟ್ರೀಮಿಂಗ್, ರೇಡಿಯೋ, ವೇದಿಕೆಗಳಿಂದ ಐಪಿಆರ್‌ಎಸ್ ಎಂಬ ಕೃತಿಸ್ವಾಮ್ಯ ಸಂಘದ ಮೂಲಕ ಬರಬಹುದಾದ ಹಣ ಆ ಅಂಕಣವನ್ನೇ ಹಿಂಬಾಲಿಸುತ್ತದೆ.

ಏನೇನು ಪ್ರಯತ್ನವಾಯಿತು

ಮೊದಲ ಪ್ರಯತ್ನ ಎಲ್ಲ ಹಾಡುಗಳ ಎಲ್ಲ ಹಕ್ಕುಗಳಿಗೂ ಸಮಪಾಲು ಎಂದು ಒಂದೇ ಒಪ್ಪಂದ ಬರೆಯುವುದಾಗಿತ್ತು. ಹೊರನೋಟಕ್ಕೆ ಸರಳವೂ ಉದಾರವೂ ಆದ ಪರಿಹಾರ, ಹಲವು ತಂಡಗಳಿಗೆ ಅದು ಒಗ್ಗುತ್ತದೆ ಕೂಡ. ಇಲ್ಲಿ ಒಗ್ಗಲಿಲ್ಲ. ಮೊದಲ ಹಾಡು ಗಾಯಕರು ಬ್ಯಾಂಡಿನ ಕಾಲದಲ್ಲೇ ಮಾಡಿದ್ದು, ಅದರ ಅರ್ಧ ಬಿಟ್ಟುಕೊಟ್ಟರೆ ಹಳೆಯ ಜೊತೆಗಾರರಿಗೆ ಏನು ಹೇಳುವುದು ಎಂಬ ಸಂಕೋಚ ಅವರಿಗೆ. ಐದನೆಯ ಹಾಡಿನ ಟ್ಯೂನ್ ಪೂರ್ತಿ ತಮ್ಮದೇ ಎಂಬುದು ಪ್ರೊಡ್ಯೂಸರ್ ವಾದ, ಅದು ನಿಜವೂ ಆಗಿತ್ತು. ಸಮಪಾಲಿನಲ್ಲಿ ಇಬ್ಬರಿಗೂ ಒಂದೊಂದು ಕಡೆ ಅನ್ಯಾಯವೇ ಕಂಡಿತು.

ನಂತರ ಹಾಡಿಗೊಂದು ಹಾಳೆ ತೆಗೆದೆವು. ಕೋಣೆಯಲ್ಲಿ ಮೂವರೇ ಕೂತು, ಪ್ರತಿ ಹಾಡಿನ ಅತ್ಯಂತ ಹಳೆಯ ಕಡತದಿಂದ ಶುರುಮಾಡಿ ದಿನಾಂಕದ ಕ್ರಮದಲ್ಲಿ ಕೇಳುತ್ತ ಬಂದೆವು. ಫೋನಿನ ಧ್ವನಿಮುದ್ರಣ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಗುನುಗು, ಪ್ರೊಡ್ಯೂಸರ್ ಕಂಪ್ಯೂಟರಿನಲ್ಲಿ ಉಳಿದ ಹಳೆಯ ಪ್ರಾಜೆಕ್ಟ್‌ಗಳು ಎಲ್ಲವೂ ಸಿಕ್ಕವು. ಈ ಪ್ರಕರಣದ ನಿಜವಾದ ತಿರುವು ಇದು. ನೆನಪಿನಿಂದ ವಾದಿಸುತ್ತಿದ್ದವರು ಕಿವಿಯಿಂದ ಕೇಳತೊಡಗಿದಾಗ ಮಾತಿನ ಧಾಟಿಯೇ ಬದಲಾಯಿತು. ಮೂರನೆಯ ಹಾಡಿನ ಪಲ್ಲವಿ ತಮ್ಮದೆಂದು ನಂಬಿದ್ದ ಗಾಯಕರು ಪ್ರೊಡ್ಯೂಸರ್ ಗುನುಗಿದ ಹಳೆಯ ಕಡತ ಕೇಳಿ, "ಹೌದು, ಇದು ನಿನ್ನದೇ" ಎಂದರು. ಎರಡನೆಯ ಹಾಡಿನ ಚರಣದಲ್ಲಿ ತಾವು ಹಾಕಿದ್ದೆಂದುಕೊಂಡಿದ್ದ ಒಂದು ಏರಿಕೆ ಗಾಯಕರ ಗಿಟಾರಿನಲ್ಲಿ ಮೊದಲೇ ಇತ್ತೆಂದು ಪ್ರೊಡ್ಯೂಸರ್ ಒಪ್ಪಿಕೊಂಡರು. ನಾನು ಹೇಳಿ ಒಪ್ಪಿಸಿದ್ದು ಏನೂ ಇಲ್ಲ, ಕಡತಗಳು ಹೇಳಿದವು.

ಹಾಳೆಯಲ್ಲಿ ಸಾಹಿತ್ಯ, ಸಂಗೀತ, ಧ್ವನಿಮುದ್ರಣ ಎಂದು ಮೂರು ಅಂಕಣ. ಸಾಹಿತ್ಯ ಎಲ್ಲ ಹಾಡುಗಳಲ್ಲೂ ಗಾಯಕರದು. ಸಂಗೀತದ ಪಾಲು ಹಾಡಿನಿಂದ ಹಾಡಿಗೆ ಬದಲಾಯಿತು. ಹಾಡಿನ ಗುರುತಾಗಿ ನಿಂತ ವಾದ್ಯದ ತುಣುಕನ್ನು ವಾದ್ಯಸಂಯೋಜನೆ ಎಂದು ಬದಿಗಿಡದೆ ಸಂಯೋಜನೆಯೆಂದೇ ಎಣಿಸಬೇಕು ಎಂಬ ನಿಯಮವನ್ನು ಗಾಯಕರು ಒಪ್ಪಿದ್ದು ದೊಡ್ಡ ಹೆಜ್ಜೆ. ಅವರು ಬೆಳೆದು ಬಂದ ಬ್ಯಾಂಡಿನ ಲೆಕ್ಕಕ್ಕೆ ಅದು ಹೊರತಾದದ್ದು. ಧ್ವನಿಮುದ್ರಣದ ಒಡೆತನ ಸಮಪಾಲು, ಆದರೆ ಬಂದ ಹಣದಲ್ಲಿ ಮೊದಲು ಗಾಯಕರು ಕೈಯಿಂದ ಹಾಕಿದ ಖರ್ಚು ತೀರಬೇಕು. ಪ್ರೊಡ್ಯೂಸರ್ ಗಂಟೆಗಳಿಗೆ ಬೇರೆ ಕೂಲಿ ಕಟ್ಟಲಿಲ್ಲ, ಅದಕ್ಕೆ ಪ್ರತಿಯಾಗಿಯೇ ಒಡೆತನದ ಅರ್ಧ. ಹಾಡನ್ನು ಬಳಸಲು ಯಾರಾದರೂ ಕೇಳಿ ಬಂದರೆ ಒಬ್ಬರು ಇನ್ನೊಬ್ಬರಿಗೆ ಬರಹದಲ್ಲಿ ತಿಳಿಸಬೇಕು, ನಾಲ್ಕು ದಿನದೊಳಗೆ ಉತ್ತರ ಬಾರದಿದ್ದರೆ ತಿಳಿಸಿದವರೇ ಇಬ್ಬರ ಪರವಾಗಿ ಸಹಿ ಮಾಡಬಹುದು; ಮದ್ಯ, ತಂಬಾಕು ಮತ್ತು ರಾಜಕೀಯ ಪ್ರಚಾರಕ್ಕೆ ಮಾತ್ರ ಇಬ್ಬರ ಸಹಿಯೂ ಕಡ್ಡಾಯ. ವೆಬ್ ಸರಣಿಯ ಅವಕಾಶ ಹೋದ ನೋವಿನಿಂದಲೇ ಹುಟ್ಟಿದ ಷರತ್ತು ಇದು. ಇಡೀ ಒಪ್ಪಂದದಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿದ್ದೂ ಇದೇ.

ಕಾಗದ ಸರಿಯಾದ ಮೇಲೆ ಸಂಗೀತದ ತೊಡಕು ಉಳಿದಿತ್ತು, ಅದನ್ನು ಮೊದಲು ಬಾಯಿಬಿಟ್ಟು ಹೇಳಿದವರು ಗಾಯಕರು. ಹಾಳೆಗಳ ಮುಂದೆ ಕೂತು ಮುಕ್ತವಾಗಿ ಮಾತಾಡಿದ್ದರಿಂದಲೋ ಏನೋ, ತಮ್ಮ ದನಿ ತಮ್ಮದಾಗಿ ಕೇಳುತ್ತಿಲ್ಲ ಎಂಬ ಹಳೆಯ ಮಾತನ್ನು ಆ ದಿನ ಆಡಿದರು. ಪ್ರೊಡ್ಯೂಸರ್‌ಗೆ ಆಶ್ಚರ್ಯವಾಯಿತು. "ಸರ್, ಆಗಲೇ ಹೇಳಬಾರದಿತ್ತೇ" ಎಂದಷ್ಟೇ ಕೇಳಿದರು. ಮೈಸೂರಿನಲ್ಲಿ ಎರಡು ದಿನ ಒಂದು ಸ್ಟುಡಿಯೋ ಹಿಡಿದು, ಕ್ಲಿಕ್ ಇಲ್ಲದೆ, ಒಬ್ಬ ಡ್ರಮ್ಸ್ ವಾದಕರೊಂದಿಗೆ ಗಾಯಕರು ನಿಂತು ಹಾಡುವುದೆಂದು ತೀರ್ಮಾನವಾಯಿತು. ಆ ಮುದ್ರಣದ ವೇಗವನ್ನು ಪ್ರೊಡ್ಯೂಸರ್ ತಮ್ಮ ಸಾಫ್ಟ್‌ವೇರಿನಲ್ಲಿ ಬಡಿತದಿಂದ ಬಡಿತಕ್ಕೆ ಗುರುತಿಸಿ ಗ್ರಿಡ್ಡನ್ನೇ ಹಾಡಿಗೆ ಹೊಂದುವಂತೆ ಬಾಗಿಸಿದರು. ನಿಮಿಷಕ್ಕೆ 92 ಬಡಿತದಿಂದ ಶುರುವಾಗಿ ಕೊನೆಯ ಪಲ್ಲವಿಯಲ್ಲಿ 97ಕ್ಕೆ ಏರುವ ಹಾಡೊಂದಕ್ಕೆ ಸಿಂಥ್ ಪದರಗಳೆಲ್ಲ ಆ ಏರಿಕೆಯನ್ನೇ ಅನುಸರಿಸಿದವು. ಎರಡು ಹಾಡಿನ ಶ್ರುತಿಯನ್ನು ಇಳಿಸಿ ಗಾಯಕರ ದನಿ ಒಡೆಯದೆ ತುಂಬಿ ಬರುವ ಜಾಗಕ್ಕೆ ತಂದರು. ಶ್ರುತಿ ತಿದ್ದುವುದನ್ನು ಬೆರಳೆಣಿಕೆಯ ಸ್ವರಗಳಿಗೆ, ಅದೂ ಗಾಯಕರೇ ಬೊಟ್ಟು ಮಾಡಿದ ಕಡೆ ಮಾತ್ರ ಸೀಮಿತಗೊಳಿಸಿದರು. ಸಾಹಿತ್ಯದ ಪ್ರತಿ ಸಾಲಿನ ಲಘು-ಗುರುಗಳನ್ನು ಗಾಯಕರು ಗುರುತು ಹಾಕಿ ಕೊಟ್ಟರು. ಸಂಕಲನ ಮಾಡುವಾಗ ಪ್ರೊಡ್ಯೂಸರ್ ಆ ಹಾಳೆಯನ್ನು ಎದುರಿಗಿಟ್ಟುಕೊಂಡಿದ್ದರು. ಮನೆಮಾತು ಬೇರೆಯಾದವರೊಂದಿಗೆ ಕನ್ನಡದ ಹಾಡು ಮಾಡುವ ಎಲ್ಲರಿಗೂ ನಾನು ಈಗ ಇದನ್ನೇ ಸೂಚಿಸುತ್ತೇನೆ.

ಮುಖಪುಟದ ಹೆಸರು

ಆಲ್ಬಮ್ ಯಾರ ಹೆಸರಿನಲ್ಲಿ ಬರಬೇಕೆಂಬ ಚರ್ಚೆ ಬೇರೆಯೇ ನಡೆಯಿತು. ರಾಕ್ ಚರಿತ್ರೆಯಲ್ಲಿ ಇದಕ್ಕೆ ಭಿನ್ನ ದಾರಿಗಳಿವೆ, ಕೆಲವನ್ನು ಇಬ್ಬರ ಮುಂದೆಯೂ ಇಟ್ಟೆ. ಅಮೆರಿಕದ ರಾಕ್ ಗಾಯಕ ಕ್ರಿಸ್ ಕಾರ್ನೆಲ್ 2009ರಲ್ಲಿ ಹಿಪ್‌ಹಾಪ್ ಲೋಕದ ಪ್ರೊಡ್ಯೂಸರ್ ಟಿಂಬಲ್ಯಾಂಡ್ ಜೊತೆ ಮಾಡಿದ "ಸ್ಕ್ರೀಮ್" ಗಾಯಕರ ಹೆಸರಿನಲ್ಲೇ ಬಂತು. ಅವರ ಸೌಂಡ್‌ಗಾರ್ಡನ್ ಬ್ಯಾಂಡಿನ ಗಡಸು ಗಿಟಾರ್ ಬಯಸಿದ್ದ ಕೇಳುಗರ ಅಸಮಾಧಾನವೂ ಹೆಚ್ಚಾಗಿ ಅವರ ಮೇಲೆಯೇ ಬಿತ್ತು. ಯು2 ಬ್ಯಾಂಡ್ ಮತ್ತು ಪ್ರೊಡ್ಯೂಸರ್ ಬ್ರಯಾನ್ ಈನೋ 1995ರಲ್ಲಿ ಕೂಡಿ ಮಾಡಿದ ಆಲ್ಬಮ್ಮನ್ನು ಪ್ಯಾಸೆಂಜರ್ಸ್ ಎಂಬ ಮೂರನೆಯ ಹೆಸರಿನಲ್ಲಿ ಹೊರತಂದರು. ಬ್ರಿಟಿಷ್ ರಾಕ್ ಗಾಯಕ ಡೇವಿಡ್ ಬೋವಿಯ 1977ರ "ಲೋ" ಆಲ್ಬಮ್ಮಿನ ಪ್ರೊಡ್ಯೂಸರ್‌ಗಳು ಬೋವಿ ಮತ್ತು ಟೋನಿ ವಿಸ್ಕಾಂಟಿ; ಈನೋ ಅದರಲ್ಲಿ ಜೊತೆಗೂಡಿದವರು, ಒಂದು ಕೃತಿಯ ಸಹ-ಸಂಯೋಜಕರು. ಆದರೂ ಅದನ್ನು ಈನೋ ಪ್ರೊಡ್ಯೂಸ್ ಮಾಡಿದ್ದೆಂದು ಹೇಳುವವರು ಇವತ್ತಿಗೂ ಸಿಗುತ್ತಾರೆ. ಹೆಸರು ಸರಿಯಾಗಿ ಅಚ್ಚಾಗಿದ್ದರೂ ಜನರ ಬಾಯಲ್ಲಿ ತಪ್ಪಾಗಿ ಉಳಿಯಬಹುದೆಂದರೆ, ಅಚ್ಚಿನಲ್ಲೇ ತಪ್ಪಿದ್ದರೆ ಗತಿಯೇನು ಎಂಬ ಪ್ರೊಡ್ಯೂಸರ್ ಪ್ರಶ್ನೆ ನ್ಯಾಯವಾದದ್ದು.

ಹೊಸ ಹೆಸರು ಇಟ್ಟರೆ ಗಾಯಕರ ಹಳೆಯ ಕೇಳುಗರು ಹುಡುಕಿದಾಗ ಹಾಡು ಸಿಗುವುದಿಲ್ಲ. ಗಾಯಕರ ಹೆಸರಷ್ಟೇ ಇಟ್ಟರೆ ಆಲ್ಬಮ್ಮಿನ ಸ್ವಭಾವಕ್ಕೆ ಸುಳ್ಳು. ಎರಡೂ ಹೆಸರು, ಅಕ್ಷರಗಳ ಗಾತ್ರ ಒಂದೇ, ಗಾಯಕರದು ಮೊದಲು ಎಂದು ನಿರ್ಧಾರವಾಯಿತು. ಕ್ರಮದ ಬಗ್ಗೆ ಪ್ರೊಡ್ಯೂಸರ್ ತಕರಾರು ಮಾಡಲಿಲ್ಲ. ಉಳಿದ ಮೂರು ಹಾಡುಗಳನ್ನು ಆಲ್ಬಮ್ಮಿನಿಂದ ಕೈಬಿಟ್ಟರು: ಎರಡರಲ್ಲಿ ಪ್ರೊಡ್ಯೂಸರ್ ಕೊಡುಗೆ ಅತ್ಯಲ್ಪವಾಗಿತ್ತು, ಒಂದರಲ್ಲಿ ಗಾಯಕರಿಗೆ ಮನಸ್ಸಿರಲಿಲ್ಲ. ಸಂಖ್ಯೆಗಾಗಿ ಹಾಡು ತುಂಬಿಸದೆ ಏಳಕ್ಕೆ ನಿಲ್ಲಿಸಿದ್ದು ಸರಿಯಾದ ನಿರ್ಧಾರ.

ಏನಾಯಿತು

ಮೂರನೆಯ ಹಾಡಿನ ದಾಖಲೆಗಳನ್ನು ತಿದ್ದುವುದೇ ಒಂದು ಕೆಲಸವಾಯಿತು. ಪ್ರತಿ ಧ್ವನಿಮುದ್ರಣಕ್ಕೆ ಐಎಸ್‌ಆರ್‌ಸಿ ಎಂಬ 12 ಅಕ್ಷರ-ಅಂಕಿಗಳ ಗುರುತು ಇರುತ್ತದೆ. ಹಳೆಯ ಮುದ್ರಣ ತನ್ನ ಗುರುತಿನಲ್ಲೇ ಉಳಿಯಿತು, ಮೈಸೂರಿನಲ್ಲಿ ಹಾಡಿದ ಹೊಸ ಮುದ್ರಣಕ್ಕೆ ಹೊಸ ಗುರುತು ಪಡೆದೆವು, ಸಂಯೋಜಕರ ಅಂಕಣವನ್ನು ಎರಡರಲ್ಲೂ ತಿದ್ದಿದೆವು. ಒಮ್ಮೆ ಹಲವು ವೇದಿಕೆಗಳಿಗೆ ಹರಡಿದ ತಪ್ಪು ಮಾಹಿತಿ ಎಲ್ಲ ಕಡೆಯೂ ಒಟ್ಟಿಗೇ ಸರಿಯಾಗುವುದಿಲ್ಲ. ಬಹಳ ದಿನ ಕೆಲವೆಡೆ ಹಳೆಯದೇ ಕಾಣಿಸುತ್ತಿತ್ತು.

ಆಲ್ಬಮ್ ದೊಡ್ಡ ಯಶಸ್ಸಲ್ಲ. ಕೇಳುಗರ ಸಂಖ್ಯೆ ಸಾಧಾರಣ, ಗಾಯಕರ ಖರ್ಚು ನಿಧಾನವಾಗಿ ತೀರುತ್ತಿದೆ. ಆದರೆ ನಾಲ್ಕು ದಿನದ ಷರತ್ತು ಒಮ್ಮೆ ಕೆಲಸಕ್ಕೆ ಬಂತು: ಒಂದು ಸಾಕ್ಷ್ಯಚಿತ್ರದವರು ಆರನೆಯ ಹಾಡನ್ನು ಬಳಸಲು ಕೇಳಿದಾಗ ಗಾಯಕರು ಊರಲ್ಲಿರಲಿಲ್ಲ, ಪ್ರೊಡ್ಯೂಸರ್ ಬರಹದಲ್ಲಿ ತಿಳಿಸಿ, ಅವಧಿ ಕಳೆದ ಮೇಲೆ ಸಹಿ ಮಾಡಿದರು, ಹಣ ಹಾಳೆಯ ಪ್ರಕಾರ ಹಂಚಿಕೆಯಾಯಿತು. ಯಾರೂ ಯಾರಿಗೂ ವಿವರಣೆ ಕೇಳಲಿಲ್ಲ.

ಹಾಡಿಗೊಂದು ಹಾಳೆ ಎಂಬ ಪದ್ಧತಿಯನ್ನು ಪ್ರೊಡ್ಯೂಸರ್ ಈಗ ಬೇರೆ ಗಾಯಕರೊಂದಿಗೂ ಅನುಸರಿಸುತ್ತಾರೆ. ಮೊದಲ ಡೆಮೊ ಕೈಬದಲಾದ ದಿನವೇ ದಿನಾಂಕ ಹಾಕಿ, ಪಾಲು ಇನ್ನೂ ಗೊತ್ತಿಲ್ಲದಿದ್ದರೆ "ಮುಂದೆ ಕೇಳಿ ನಿರ್ಧರಿಸುವುದು" ಎಂದಾದರೂ ಬರೆದು ಇಬ್ಬರೂ ಸಹಿ ಮಾಡುತ್ತಾರೆ. ಹಳೆಯ ಕಡತಗಳನ್ನು ಅಳಿಸುವುದಿಲ್ಲ. ಈ ಎರಡು ಅಭ್ಯಾಸಗಳಿಗೆ ವಕೀಲರೂ ಬೇಡ, ಖರ್ಚೂ ಇಲ್ಲ. ಈ ಪ್ರಕರಣದ ಶುರುವಿನಲ್ಲೇ ಇವು ಇದ್ದಿದ್ದರೆ ನನ್ನ ಅಗತ್ಯವೇ ಬೀಳುತ್ತಿರಲಿಲ್ಲ. ಸಲಿಗೆ ಇರುವಾಗ ಲೆಕ್ಕ ಕೇಳುವುದು ಸಣ್ಣತನ ಎಂಬ ಭಾವನೆ ನಮ್ಮ ಸಂಗೀತಗಾರರಲ್ಲಿ ಆಳವಾಗಿದೆ. ಇವರಿಬ್ಬರ ಸಲಿಗೆಯನ್ನು ಕೆಡಿಸಿದ್ದು ಲೆಕ್ಕ ಕೇಳಿದ್ದಲ್ಲ, ತಡವಾಗಿ ಕೇಳಿದ್ದು.

ಒಂದು ವಿಷಯ ಇನ್ನೂ ಪೂರ್ತಿ ಬಗೆಹರಿದಿಲ್ಲ. ವೇದಿಕೆಯ ಮೇಲೆ ಈ ಹಾಡುಗಳನ್ನು ಹಾಡಲು ಗಾಯಕರಿಗೆ ಯಾರ ಅನುಮತಿಯೂ ಬೇಡವೆಂದು ಒಪ್ಪಂದದಲ್ಲಿದೆ. ಪ್ರೊಡ್ಯೂಸರ್ ಕಟ್ಟಿದ ಪದರಗಳನ್ನು ಲ್ಯಾಪ್‌ಟಾಪಿನಿಂದ ನುಡಿಸಿದರೆ ಪ್ರತಿ ಕಾರ್ಯಕ್ರಮಕ್ಕೆ ಒಂದು ನಿಗದಿತ ಮೊತ್ತ ಕೊಡಬೇಕು. ಸಣ್ಣ ಕಾರ್ಯಕ್ರಮಗಳ ಸಂಭಾವನೆಯಲ್ಲಿ ಆ ಮೊತ್ತ ಭಾರವೆನಿಸಿ ಗಾಯಕರು ಬರೀ ಗಿಟಾರ್ ಹಿಡಿದು ಹಾಡುತ್ತಾರೆ, ಆಗ ಕೇಳುಗರು ಆಲ್ಬಮ್ಮಿನ ಸದ್ದು ಎಲ್ಲಿ ಎಂದು ಕೇಳುತ್ತಾರೆ. ನಿಗದಿತ ಮೊತ್ತದ ಬದಲು ಸಂಭಾವನೆಯ ಶೇಕಡಾವಾರು ಪಾಲು ಎಂದು ಬದಲಿಸುವ ಕರಡನ್ನು ಇಬ್ಬರಿಗೂ ಕಳಿಸಿದ್ದೇನೆ. ಗಾಯಕರು ಒಪ್ಪಿದ್ದಾರೆ, ಪ್ರೊಡ್ಯೂಸರ್ ಒಂದು ಷರತ್ತು ಸೇರಿಸಬೇಕೆಂದು ಕೇಳಿದ್ದಾರೆ: ಅವರೇ ವೇದಿಕೆಗೆ ಬಂದು ಜೊತೆಗೆ ನುಡಿಸಿದ ದಿನ ಪಾಲಿನ ಲೆಕ್ಕ ಬೇಡ, ಸಂಭಾವನೆ ನೇರವಾಗಿ ಎರಡು ಭಾಗವಾಗಲಿ ಎಂದು.